ಓವರ್‌ಹಾಲ್ ಆದ ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೊಳ್ಳುವಾಗ: ಅಧ್ಯಯನ ಟಿಪ್ಪಣಿ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಗೇರ್‌ಬಾಕ್ಸನ್ನು ಕಣ್ಣು ಮುಚ್ಚಿಕೊಂಡೇ ಬಿಚ್ಚಿ ಜೋಡಿಸಬಲ್ಲ ಮೆಕಾನಿಕ್‌ಗಳು ಮೈಸೂರಿನ ಬನ್ನಿಮಂಟಪ, ಮಂಡಿ ಮೊಹಲ್ಲಾಗಳಲ್ಲಿ ಈಗಲೂ ಸಿಗುತ್ತಾರೆ. ಆದರೆ ಅಂಥ ಗ್ಯಾರೇಜಿಗೆ ಕ್ಲಚ್ ಪೆಡಲ್ ಇಲ್ಲದ ಹಳೆಯ ಕಾರೊಂದು ಬಂದರೆ ಕೈಗಳು ತಡವರಿಸುತ್ತವೆ. ಏಕೆಂದರೆ ಆ ಕಾಲದಲ್ಲಿ ಇಲ್ಲಿ ತಯಾರಾಗಿ ಓಡಿದ ಸಾಮಾನ್ಯ ಕಾರುಗಳೆಲ್ಲವೂ ಕೈಯಿಂದ ಗೇರ್ ಬದಲಿಸುವಂಥವೇ ಆಗಿದ್ದವು. ಹೀಗಾಗಿ ಹೊರದೇಶದಿಂದ ಬಂದ ಮರ್ಸಿಡಿಸ್ ಡಬ್ಲ್ಯು123 ಅಥವಾ ಷೆವರ್ಲೆ ಇಂಪಾಲಾದ ಗೇರ್‌ಬಾಕ್ಸ್ ಕೈಕೊಟ್ಟಾಗ, ಅದನ್ನು ಇಲ್ಲಿಯೇ ಬಿಚ್ಚಿಸುವ ಬದಲು ‘ಓವರ್‌ಹಾಲ್ ಆಗಿದೆ’ ಎಂದು ಮಾರಾಟಕ್ಕಿಟ್ಟ ಇನ್ನೊಂದನ್ನು ತಂದು ಕೂರಿಸುವುದು ಸುಲಭವೆಂದು ಮಾಲೀಕರಿಗೆ ತೋರುತ್ತದೆ. ಕೆಲವೊಮ್ಮೆ ಅದು ಸರಿಯಾದ ನಿರ್ಧಾರವೇ. ಆದರೆ ಓವರ್‌ಹಾಲ್ ಎಂಬ ಮಾತನ್ನು ಮಾರುವವನ ಬಾಯಿಂದ ಕೇಳಿ ಒಪ್ಪುವಂತಿಲ್ಲ. ಅದನ್ನು ಗೇರ್‌ಬಾಕ್ಸಿನ ಹೊಟ್ಟೆಯೊಳಗೆ, ಅದರಲ್ಲೂ ಯಾರೂ ಒರೆಸಿ ಸ್ವಚ್ಛಗೊಳಿಸದ ಜಾಗಗಳಲ್ಲಿ, ಹುಡುಕಿ ನೋಡಬೇಕು. ಈ ಟಿಪ್ಪಣಿ ಮುಖ್ಯವಾಗಿ ಆ ಜಾಗಗಳನ್ನು ಕುರಿತದ್ದು. ಉದಾಹರಣೆಗೆ ನಾನು ಕೆಲಸ ಕಲಿತ ಡಬ್ಲ್ಯು123 ಡೀಸೆಲ್ ಕಾರನ್ನೇ ತೆಗೆದುಕೊಂಡಿದ್ದೇನೆ.

ಮೊದಲ ಪ್ರಶ್ನೆ: ಕೆಟ್ಟಿರುವುದು ಗೇರ್‌ಬಾಕ್ಸೇ?

ಈ ಪ್ರಶ್ನೆಯನ್ನು ಕೇಳದೆ ನಾವು ಒಮ್ಮೆ ಪೆಟ್ಟು ತಿಂದಿದ್ದೇವೆ. ಆ ಕಾರು ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಒದ್ದಂತೆ ಜಗ್ಗುತ್ತಿತ್ತು. ಕ್ಲಚ್ ಪ್ಲೇಟುಗಳು ಹೋಗಿವೆಯೆಂದು ತೀರ್ಮಾನಿಸಿ ಬದಲಿ ಗೇರ್‌ಬಾಕ್ಸಿಗೆ ಮುಂಗಡವನ್ನೂ ಕೊಟ್ಟೆವು. ಆಮೇಲೆ ನೋಡಿದರೆ ಎಂಜಿನ್ನಿನ ಮೇಲ್ಭಾಗದಲ್ಲಿ ಬೆರಳುದ್ದದ ಒಂದು ರಬ್ಬರ್ ಕೊಳವೆ ಒಣಗಿ ಸೀಳಿತ್ತು.

ಕಾರಣ ಇಷ್ಟು. ಈ ಗೇರ್‌ಬಾಕ್ಸಿನಲ್ಲಿ ಒಳಗಿನ ಕ್ಲಚ್ಚುಗಳನ್ನೂ ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿಗಳಾದ ಬ್ಯಾಂಡುಗಳನ್ನೂ ಆಯಿಲ್ ಒತ್ತಡ ಬಿಗಿಯುತ್ತದೆ. ಎಷ್ಟು ಗಟ್ಟಿಯಾಗಿ ಹಿಡಿಯಬೇಕೆಂಬುದನ್ನು ಮಾಡ್ಯುಲೇಟರ್ ಎಂಬ ಭಾಗ ರಬ್ಬರ್ ಕೊಳವೆಯಲ್ಲಿ ಬರುವ ವ್ಯಾಕ್ಯೂಮನ್ನು (ಗಾಳಿಯ ಸೆಳೆತವನ್ನು) ನೋಡಿ ನಿರ್ಧರಿಸುತ್ತದೆ. ಯಾವ ವೇಗಕ್ಕೆ ಗೇರ್ ಬದಲಾಗಬೇಕೆಂಬುದನ್ನು ಆಕ್ಸಿಲರೇಟರಿಗೆ ಸೇರಿದ ಕೇಬಲ್ಲೂ ಗಾಡಿಯ ವೇಗವನ್ನು ಅರಿಯುವ ಗವರ್ನರೂ ಸೇರಿ ನಿರ್ಧರಿಸುತ್ತವೆ. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲ್ ಎಂಜಿನ್ನಿನಂತೆ ತಾನಾಗಿ ವ್ಯಾಕ್ಯೂಮ್ ಹುಟ್ಟುವುದಿಲ್ಲವಾದ್ದರಿಂದ ಅದಕ್ಕೆಂದೇ ಒಂದು ಪಂಪು, ಅದನ್ನು ಹದಗೊಳಿಸಲು ಇಂಜೆಕ್ಷನ್ ಪಂಪಿನ ಮೇಲೊಂದು ವಾಲ್ವು ಇರುತ್ತವೆ. ಈ ದಾರಿಯಲ್ಲಿ ಎಲ್ಲಿ ಸೋರಿದರೂ ಮಾಡ್ಯುಲೇಟರ್ ‘ಕಾರಿನ ಮೇಲೆ ಭಾರ ಬಿದ್ದಿದೆ’ ಎಂದುಕೊಂಡು ಪೂರ್ತಿ ಒತ್ತಡ ಕೊಡುತ್ತದೆ, ಗೇರ್ ಜಗ್ಗುತ್ತದೆ. ಮಾಡ್ಯುಲೇಟರಿನ ಕೊಳವೆಯನ್ನು ಕಿತ್ತು ನೋಡಿದಾಗ ಅದರೊಳಗೆ ಕೆಂಪು ಆಯಿಲ್ ಕಂಡರೆ ಅದರ ಪೊರೆ ಹರಿದಿದೆ ಎಂದರ್ಥ. ಅದೂ ಗೇರ್‌ಬಾಕ್ಸನ್ನು ಇಳಿಸದೆಯೇ ಬದಲಿಸಬಹುದಾದ ಭಾಗ.

ಹೊಸದಾಗಿ ಕಲಿಯುವವರು ಮಾಡುವ ಇನ್ನೊಂದು ತಪ್ಪಿದೆ. ಡಬ್ಲ್ಯು123 ಸಾಲಿನ 300ಡಿಯಂಥ ಡೀಸೆಲ್ ಕಾರುಗಳಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿದರೆ ಗಾಡಿ ಎರಡನೆಯ ಗೇರಿನಲ್ಲೇ ಹೊರಡುತ್ತದೆ, ಪೂರ್ತಿ ಒತ್ತಿದಾಗ ಮಾತ್ರ ಮೊದಲನೆಯದನ್ನು ಹಿಡಿಯುತ್ತದೆ. ಇದು ವಿನ್ಯಾಸವೇ ಹೊರತು ದೋಷವಲ್ಲ. ಇದಕ್ಕೆ ಬದಲಾಗಿ ರಿವರ್ಸ್ ಚೆನ್ನಾಗಿ ಹಿಡಿದು, ನಿಂತಲ್ಲಿಂದ ಮುಂದಕ್ಕೆ ಮಾತ್ರ ಕದಲದಿದ್ದರೆ ಬಿ2 ಎಂಬ ಬ್ಯಾಂಡಿನ ಪಿಸ್ಟನ್ ಮುರಿದಿರುವ ಅನುಮಾನ ಬಲವಾಗುತ್ತದೆ. ಈ ಮಾದರಿಯ ಹೆಸರಾಂತ ರೋಗ ಅದು.

ಮಾಲಿನ ಗುರುತು

ಗೇರ್‌ಬಾಕ್ಸೇ ಹೋಗಿದೆಯೆಂದು ಖಚಿತವಾದ ಮೇಲೆ ಮೊದಲು ನೋಡಬೇಕಾದ್ದು ಬೆಲೆಯನ್ನಲ್ಲ, ಚೇಂಬರಿನ, ಅಂದರೆ ತಳದ ಆಯಿಲ್ ಪಾತ್ರೆಯ, ಅಂಚಿಗಿಂತ ಸ್ವಲ್ಪ ಮೇಲೆ ಕೇಸಿನ ಮೇಲೆ ಹೊಡೆದಿರುವ ನಂಬರನ್ನು. ಡಬ್ಲ್ಯು123ರ ಆರಂಭದ ಕಾರುಗಳಲ್ಲಿ 722.1 ಸರಣಿಯೂ 1980ರ ದಶಕದ ಕಾರುಗಳಲ್ಲಿ 722.3 ಸರಣಿಯೂ ಇವೆ. ಇವೆರಡೂ ನಾಲ್ಕು ಗೇರಿನವೇ ಆದರೂ ಒಂದರ ಒಳಭಾಗ ಇನ್ನೊಂದಕ್ಕೆ ಹೊಂದುವುದಿಲ್ಲ. ಕೊನೆಯ ಎರಡು ಅಂಕಿಗಳು ಯಾವ ಎಂಜಿನ್ನಿಗೆ ಹದಮಾಡಿದ ಗೇರ್‌ಬಾಕ್ಸೆಂಬುದನ್ನು ಹೇಳುತ್ತವೆ, ಮತ್ತು ‘ಎಲ್ಲಾ ಒಂದೇ ಸಾರ್’ ಎಂದು ಮಾರುವವರು ನುಂಗಿಬಿಡುವುದು ಈ ಎರಡು ಅಂಕಿಗಳನ್ನೇ. ಪೆಟ್ರೋಲ್ ಎಂಜಿನ್ ಹೆಚ್ಚು ಸುತ್ತು ತಿರುಗುತ್ತದೆ; ಅದರ ಗೇರ್‌ಬಾಕ್ಸಿನ ಗವರ್ನರು ಆ ಸುತ್ತಿಗೆ ತಕ್ಕಂತೆ ತಡವಾಗಿ ಗೇರ್ ಬದಲಿಸುತ್ತದೆ. ಅದನ್ನೇ ಡೀಸೆಲ್ಲಿಗೆ ಕೂರಿಸಿದರೆ ಎಂಜಿನ್ ತನ್ನ ಮಿತಿ ಮುಟ್ಟಿ ಅರಚಿದರೂ ಮುಂದಿನ ಗೇರ್ ಬರುವುದಿಲ್ಲ.

ಅಮೆರಿಕದ ಕಾರುಗಳವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: ಗೇರ್‌ಬಾಕ್ಸನ್ನು ಚೇಂಬರಿನ ಆಕಾರದಿಂದಲೇ ಗುರುತಿಸಬಹುದು. ಜನರಲ್ ಮೋಟರ್ಸ್‌ನ ಟರ್ಬೊ 350ರ ಚೇಂಬರು ಒಂದು ಮೂಲೆ ಕತ್ತರಿಸಿದ ಚೌಕದಂತೆ ಕಾಣುತ್ತದೆ, ಟರ್ಬೊ 400ರದು ಸೊಟ್ಟಸೊಟ್ಟಾಗಿರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಯುವ ಕಿಕ್‌ಡೌನಿಗೆ ಮೊದಲನೆಯದು ಕೇಬಲ್ ಬೇಡುತ್ತದೆ, ಎರಡನೆಯದು ವಿದ್ಯುತ್ ಸ್ವಿಚ್ ಬೇಡುತ್ತದೆ. ಆದ್ದರಿಂದ ಒಂದರ ಜಾಗಕ್ಕೆ ಇನ್ನೊಂದನ್ನು ತಂದವರು ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಓವರ್‌ಹಾಲ್ ಎಂದರೆ ಎಷ್ಟು?

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಮೈಸೂರಿನವರೆಗೆ ಈ ಪದದ ಅರ್ಥ ಅಂಗಡಿಗೊಂದು. ಕೆಲವರಿಗೆ ಹೊರಗಿನ ಎರಡು ಆಯಿಲ್ ಸೀಲ್ ಬದಲಿಸಿ ಬಣ್ಣ ಬಳಿದರೆ ಓವರ್‌ಹಾಲ್. ಕೆಲವರಿಗೆ ‘ಕಿಟ್ ಹಾಕಿದ್ದೇವೆ’ ಎಂದರೆ ಗ್ಯಾಸ್ಕೆಟ್ಟು, ಓ ರಿಂಗುಗಳಷ್ಟೇ. ಸರಿಯಾದ ಓವರ್‌ಹಾಲಿನಲ್ಲಿ ಒಳಗಿನ ಎಲ್ಲ ಸೀಲುಗಳು, ಫ್ರಿಕ್ಷನ್ ಪ್ಲೇಟುಗಳು, ಬ್ಯಾಂಡುಗಳು, ಸವೆದ ಬುಷ್‌ಗಳು, ಫಿಲ್ಟರ್ ಬದಲಾಗಿರಬೇಕು, ಪಂಪನ್ನೂ ಕ್ಲಚ್ಚು, ಬ್ಯಾಂಡುಗಳಿಗೆ ಆಯಿಲ್ ಹಂಚುವ ವಾಲ್ವ್ ಬಾಡಿಯನ್ನೂ ಬಿಚ್ಚಿ ತೊಳೆದು ಅಳೆದಿರಬೇಕು, ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಒಳಗೆ ದಾಟಿಸುವ ಟಾರ್ಕ್ ಕನ್ವರ್ಟರಿಗೂ ಗತಿ ಕಾಣಿಸಿರಬೇಕು. ಕೆಲಸ ಮಾಡಿದವರು ತೆಗೆದ ಹಳೆಯ ಪ್ಲೇಟುಗಳನ್ನು ತೋರಿಸಬಲ್ಲರಾದರೆ, ಯಾವ ಬಿಲ್ಲಿಗಿಂತಲೂ ನಾನು ಅದನ್ನೇ ಹೆಚ್ಚು ನಂಬುತ್ತೇನೆ.

ಓವರ್‌ಹಾಲ್ ಆಗಿ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಗೇರ್‌ಬಾಕ್ಸಿನ ವಿಷಯ ಬೇರೆ. ಅದರ ಬಾಯಿಗಳಿಗೆ ಮುಚ್ಚಳ ಹಾಕದೆ ಮಳೆಗಾಲ ಕಳೆದಿದ್ದರೆ ಒಳಗೆ ತೇವ ಸೇರಿರುತ್ತದೆ, ಮತ್ತು ಕಾಗದದಂಥ ಪದರವನ್ನು ಉಕ್ಕಿನ ತಟ್ಟೆಗೆ ಅಂಟಿಸಿ ಮಾಡಿದ ಫ್ರಿಕ್ಷನ್ ಪ್ಲೇಟಿಗೆ ನೀರಿಗಿಂತ ದೊಡ್ಡ ಶತ್ರು ಇಲ್ಲ.

ಒಳಗೆ ನೋಡುವುದು

ಒಮ್ಮೆ ನಮ್ಮ ಉಸ್ತಾದರ ಜೊತೆ ಒಂದು 722.3 ನೋಡಲು ಹೋಗಿದ್ದೆ. ಅಲ್ಯೂಮಿನಿಯಂ ಬಣ್ಣ ಥಳಥಳಿಸುತ್ತಿತ್ತು, ಚೇಂಬರಿನ ಗ್ಯಾಸ್ಕೆಟ್ಟು ಹೊಚ್ಚಹೊಸದು. ಚೇಂಬರ್ ಇಳಿಸಿದಾಗ ಒಳಗೂ ಕನ್ನಡಿಯಂತೆ ಸ್ವಚ್ಛ. ನಾನು ತಲೆಯಾಡಿಸಿದೆ. ಉಸ್ತಾದರು ಮಾತಾಡದೆ ಪಕ್ಕದಲ್ಲಿದ್ದ ಕನ್ವರ್ಟರನ್ನು ಎತ್ತಿ, ಬಿಳಿಯ ಎನಾಮಲ್ ತಟ್ಟೆಯ ಮೇಲೆ ಬೋರಲು ಹಿಡಿದರು. ಅರ್ಧ ಲೋಟದಷ್ಟು ಆಯಿಲ್ ಇಳಿಯಿತು. ಅದು ಕೆಂಪಾಗಿರಲಿಲ್ಲ, ಕಾಫಿ ಬೀಜ ಹುರಿಯುವಾಗ ಹೊತ್ತಿಹೋದಂಥ ಕಟು ವಾಸನೆಯ ಕಪ್ಪು ದ್ರವ, ಅದರಲ್ಲಿ ಹಿತ್ತಾಳೆಯ ಮಿಣುಕು. ‘ತಟ್ಟೆ ನೋಡಪ್ಪ, ಚೇಂಬರ್ ನೋಡಬೇಡ’ ಎಂದು ಹೇಳಿ ಅವರು ಕೈ ಒರೆಸಿಕೊಂಡರು. ಸುಟ್ಟ ಪ್ಲೇಟುಗಳ ಕೊಳೆಯನ್ನು ಕುಡಿದಿದ್ದ ಕನ್ವರ್ಟರನ್ನು ಹಾಗೆಯೇ ಬಿಟ್ಟಿದ್ದರು. ಅದನ್ನು ಜೋಡಿಸಿ ಎಂಜಿನ್ ಚಾಲೂ ಮಾಡಿದ್ದರೆ ಆ ಕೊಳೆಯೆಲ್ಲ ವಾಲ್ವ್ ಬಾಡಿಗೆ ಹರಿಯುತ್ತಿತ್ತು.

ಆದ್ದರಿಂದ ಕನ್ವರ್ಟರಿನಿಂದಲೇ ಪರೀಕ್ಷೆ ಶುರುಮಾಡುವುದು ಒಳ್ಳೆಯದು. ಅದರ ಕುತ್ತಿಗೆಯ ಮೇಲೆ ಸೀಲ್ ಕೂರುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇರಬಾರದು. ಒಳಗೆ ಬೆರಳು ಹಾಕಿ ನಡುವಿನ ಚಕ್ರವಾದ ಸ್ಟೇಟರಿನ ಹಲ್ಲುಗಳನ್ನು ತಿರುಗಿಸಿದರೆ ಅದು ಒಂದು ದಿಕ್ಕಿಗೆ ತಿರುಗಿ ಇನ್ನೊಂದು ದಿಕ್ಕಿಗೆ ಬಿಗಿಯಬೇಕು. ಎರಡೂ ಕಡೆ ತಿರುಗಿದರೆ ಗಾಡಿ ಹೊರಡುವಾಗ ಬಲ ಸಾಲದು, ಎರಡೂ ಕಡೆ ಬಿಗಿದಿದ್ದರೆ ವೇಗದಲ್ಲಿ ಬಿಸಿಯೇರುತ್ತದೆ.

ಓಡಿದ ಗೇರ್‌ಬಾಕ್ಸಾದರೆ ಚೇಂಬರಿನ ತಳದಲ್ಲಿ ವಿಭೂತಿಯಷ್ಟು ನುಣ್ಣಗಿನ ಬೂದು ಹುಡಿ ಸಹಜ. ಹಿತ್ತಾಳೆಯ ಚೂರು ಬುಷ್ ಅಥವಾ ವಾಷರಿನದು, ಕಪ್ಪು ಹೆಪ್ಪು ಪ್ಲೇಟಿನದು. ಆಯಿಲ್ ಸ್ಟ್ರಾಬೆರಿ ಮಿಲ್ಕ್‌ಶೇಕಿನಂತಿದ್ದರೆ ರೇಡಿಯೇಟರಿನ ನೀರು ಸೇರಿದೆ ಎಂದರ್ಥ, ಅಂಥದ್ದನ್ನು ಮುಟ್ಟಲೇಬಾರದು. ಇನ್‌ಪುಟ್ ಶಾಫ್ಟಿನ ಹಿಂದುಮುಂದಿನ ಆಟವನ್ನು ಡಯಲ್ ಗೇಜಿನಿಂದ ಅಳೆದು ಕೈಪಿಡಿಯ ಮಿತಿಯೊಂದಿಗೆ ಹೋಲಿಸಬೇಕು. ವಾಲ್ವ್ ಬಾಡಿಯನ್ನು ಇಳಿಸಲು ಮಾರುವವರು ಒಪ್ಪಿದರೆ, ಕ್ಲಚ್ಚುಗಳ ಆಯಿಲ್ ದಾರಿಗೆ ಎರಡು ಮೂರು ಬಾರ್ ಒತ್ತಡದ ಗಾಳಿ ಬಿಟ್ಟು ಕಿವಿಗೊಡಬೇಕು: ‘ಧಪ್’ ಎಂದು ಪಿಸ್ಟನ್ ಹಿಡಿದ ಸದ್ದು ಬಂದು ನಿಂತರೆ ಸೀಲ್ ಗಟ್ಟಿಯಿದೆ, ಬರೀ ‘ಸುಯ್’ ಎಂದರೆ ಗಾಳಿ ಸೋರುತ್ತಿದೆ.

ಕಾಗದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರ್‌ಸಿಯಲ್ಲಿ ಚಾಸಿ ಮತ್ತು ಎಂಜಿನ್ ನಂಬರು ಇರುತ್ತವೆ, ಗೇರ್‌ಬಾಕ್ಸಿನದು ಇರುವುದಿಲ್ಲ. ಹೀಗಾಗಿ ಮಾಲು ಎಲ್ಲಿಂದ ಬಂತೆಂಬುದಕ್ಕೆ ಬಿಲ್ಲೊಂದೇ ಸಾಕ್ಷಿ. ಅದರಲ್ಲಿ ಗೇರ್‌ಬಾಕ್ಸಿನ ಪೂರ್ತಿ ನಂಬರನ್ನೂ ಬದಲಿಸಿದ ಭಾಗಗಳ ಹೆಸರನ್ನೂ ಬರೆಸಿಕೊಳ್ಳಬೇಕು.

ಕೂರಿಸುವುದು ಮತ್ತು ಓಡಿಸುವುದು

ಒಳ್ಳೆಯ ಗೇರ್‌ಬಾಕ್ಸನ್ನು ಕೂರಿಸುವಾಗಲೇ ಕೊಂದವರಿದ್ದಾರೆ. ಕನ್ವರ್ಟರನ್ನು ತಿರುಗಿಸುತ್ತ ಒಳಗೆ ತಳ್ಳಿದಾಗ ಅದು ಒಂದೊಂದೇ ಹಲ್ಲಿನ ಸಾಲಿಗೆ ಸೇರಿ ಕೊನೆಗೆ ಪಂಪಿನ ಗೇರಿನೊಳಗೆ ಬೀಳಬೇಕು. ಪೂರ್ತಿ ಕೂತಿದ್ದರೆ, ಗೇರ್‌ಬಾಕ್ಸನ್ನು ಎಂಜಿನ್ನಿಗೆ ತಾಗಿಸಿದಾಗ ಕನ್ವರ್ಟರಿಗೂ ಎಂಜಿನ್ನಿನ ತುದಿಯಲ್ಲಿರುವ ಫ್ಲೆಕ್ಸ್ ಪ್ಲೇಟಿಗೂ ನಡುವೆ ಸಣ್ಣ ಸಂದು ಉಳಿಯುತ್ತದೆ. ಟರ್ಬೊ 350ರಂಥವುಗಳಲ್ಲಿ ಅದು ಸುಮಾರು 3ರಿಂದ 5 ಮಿಲಿಮೀಟರ್. ಸಂದಿಲ್ಲದೆ ಬೋಲ್ಟ್ ಬಿಗಿದು ಎಳೆದರೆ ಮೊದಲ ಸ್ಟಾರ್ಟಿಗೇ ಪಂಪು ಒಡೆಯುತ್ತದೆ. ರೇಡಿಯೇಟರಿನೊಳಗಿನ ಆಯಿಲ್ ಕೂಲರನ್ನೂ ಅದರ ಪೈಪುಗಳನ್ನೂ ತೊಳೆಯದೆ ಹಳೆಯ ಗೇರ್‌ಬಾಕ್ಸಿನ ಕೊಳೆಯನ್ನು ಹೊಸದಕ್ಕೆ ಕುಡಿಸುವುದು ಎರಡನೆಯ ಸಾಮಾನ್ಯ ತಪ್ಪು.

ಆಯಿಲ್ ಮಟ್ಟವನ್ನು ಗಾಡಿ ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗ, ಪಾರ್ಕಿನಲ್ಲಿಟ್ಟು ನೋಡಬೇಕು. 722.3ರ ಕಡ್ಡಿಯಲ್ಲಿ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಇರುವ ಅಂತರ ಸುಮಾರು 0.3 ಲೀಟರ್ ಮಾತ್ರ, ಆದ್ದರಿಂದ ಕ್ಯಾನ್ ಬಗ್ಗಿಸಿ ಸುರಿಯುವ ಕೆಲಸವಲ್ಲ. ಕೆಲವು ದಿನ ಕೆ.ಆರ್.ಎಸ್. ರಸ್ತೆಯಂಥ ಸಮತಟ್ಟಿನಲ್ಲಿ ಓಡಿಸಿ, ಗೇರ್ ಬದಲಾವಣೆ ಸಮಾಧಾನ ಕೊಟ್ಟ ಮೇಲೆ ಚಾಮುಂಡಿ ಬೆಟ್ಟ ಹತ್ತಿಸಬಹುದು. ಸುಮಾರು 300 ಮೀಟರ್ ಏರುವ ಆ ದಾರಿಯ ತಿರುವುಗಳಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಳಗಿನ ಗೇರ್ ತಕ್ಷಣ ಹಿಡಿಯುತ್ತದೆಯೇ, ಅಥವಾ ಎಂಜಿನ್ ಬರೀ ಕೂಗಿ ಆಮೇಲೆ ಹಿಡಿಯುತ್ತದೆಯೇ ಎಂಬುದು ತಿಳಿಯುತ್ತದೆ. ಕೆಳಗಿಳಿಯುವಾಗ ಸೆಲೆಕ್ಟರನ್ನು ಡಿ ಯಿಂದ ಕೆಳಗಿನ ಸ್ಥಾನಕ್ಕೆ ತಂದು ಎಂಜಿನ್ ಗಾಡಿಯನ್ನು ತಡೆಯುತ್ತದೆಯೇ ಎಂದೂ ನೋಡಬೇಕು. ಬುಡಕ್ಕೆ ಬಂದೊಡನೆ ಕಡ್ಡಿ ಎಳೆದು ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ, ಮೂಸಿ ನೋಡಿ, ತಾರೀಖು ಬರೆದು ಆ ಕಾಗದವನ್ನು ಬಿಲ್ಲಿನ ಜೊತೆ ಇಡಿ. ಸಾವಿರ ಕಿಲೋಮೀಟರ್ ಆದಮೇಲೆ ಚೇಂಬರ್ ಇಳಿಸಿ ಫಿಲ್ಟರ್ ಬದಲಿಸುವ ದಿನ ಇನ್ನೊಂದು ಹನಿಯನ್ನು ಅದರ ಪಕ್ಕದಲ್ಲೇ ಬಿಡಬೇಕಾಗುತ್ತದೆ.