ಸುರುಳಿ ಬೇರೆ, ಮುದುಡು ಬೇರೆ: ಕ್ರಯೋಸ್ಟಾಟ್ ಕಲಿಯುವಾಗ ಬರೆದುಕೊಂಡದ್ದು

ಮೊನ್ನೆ ಗುರುವಾರ ಒಂದೇ ಮಿದುಳಿನಿಂದ ಸಾಲಾಗಿ ನಲವತ್ತು ಸೆಕ್ಷನ್‌ಗಳು, ಅಂದರೆ ಕತ್ತರಿಸಿದ ತೆಳು ಪದರಗಳು, ಚಪ್ಪಟೆಯಾಗಿ ಸ್ಲೈಡಿಗೆ ಬಂದವು. ಅದಕ್ಕೆ ಮೊದಲಿನ ಮೂರು ವಾರ ನನಗೆ ಸಿಕ್ಕಿದ್ದು ಬ್ರಷ್‌ನಿಂದ ಗುಡಿಸಿ ಎಸೆಯುವ ಚೂರುಗಳು ಮಾತ್ರ. ಏನು ಬದಲಾಯಿತು ಎನ್ನುವುದು ಇನ್ನೂ ನೆನಪಿನಲ್ಲಿರುವಾಗಲೇ ಬರೆದಿಡುತ್ತಿದ್ದೇನೆ. ನನ್ನ ಹಾಗೆಯೇ ಈಗಷ್ಟೇ ಕಲಿಯುತ್ತಿರುವವರಿಗೆ ಉಪಯೋಗವಾಗಬಹುದು. ನಾನು ಕತ್ತರಿಸುವುದು ಇಲಿಯ ಮಿದುಳು, 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಪ್ಪಕ್ಕೆ, ಬೆಳಕಿಗೆ ಹೊಳೆಯುವ ಪ್ರತಿದೀಪ್ತ ಆಂಟಿಬಾಡಿ ಹಾಕಿ ನೋಡುವುದಕ್ಕಾಗಿ. ನಿಮ್ಮದು ಮೂತ್ರಪಿಂಡವೋ ಸ್ನಾಯುವೋ ಆಗಿದ್ದರೆ ಅಂಕಿಗಳು ಬದಲಾಗುತ್ತವೆ, ತರ್ಕ ಬದಲಾಗುವುದಿಲ್ಲ.

ಕ್ರಯೋಸ್ಟಾಟ್ ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ರೀಜರ್ ಪೆಟ್ಟಿಗೆಯೊಳಗೆ ಕೂರಿಸಿದ ಮೈಕ್ರೊಟೋಮ್, ಅಂದರೆ ಅಂಗಾಂಶವನ್ನು ತೆಳುವಾಗಿ ಕತ್ತರಿಸುವ ಯಂತ್ರ, ಎಂದುಕೊಂಡರೆ ಸಾಕು. ಕೈಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ಬ್ಲಾಕ್, ಅಂದರೆ ಹೆಪ್ಪುಗಟ್ಟಿಸಿದ ಅಂಗಾಂಶದ ಗಟ್ಟಿ, ಬ್ಲೇಡಿನ ಮೇಲೆ ಇಳಿದು, ಮತ್ತೆ ಮೇಲೇರಿ, ನಾವು ಹೇಳಿದಷ್ಟು ಮೈಕ್ರಾನ್ ಮುಂದೆ ಬರುತ್ತದೆ.

ಹೆಪ್ಪುಗಟ್ಟಿಸುವುದು

ಇಲ್ಲಿ ಕೆಟ್ಟರೆ ಮುಂದೆ ಯಾವ ಕೈಚಳಕವೂ ಉಳಿಸುವುದಿಲ್ಲ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಹರಳುಗಳು ದೊಡ್ಡದಾಗಿ ಬೆಳೆದು ಕೋಶಗಳನ್ನು ಹರಿದುಹಾಕುತ್ತವೆ, ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ತೂತುತೂತಾಗಿ ಕಾಣುತ್ತದೆ. ಅದಕ್ಕೇ ಎರಡು ಉಪಾಯ. ಒಂದು, ಫಿಕ್ಸ್ ಮಾಡಿದ, ಅಂದರೆ ಕೆಡದಂತೆ ರಾಸಾಯನಿಕದಲ್ಲಿ ಸ್ಥಿರಗೊಳಿಸಿದ, ಮಿದುಳನ್ನು ಶೇಕಡಾ 30ರ ಸುಕ್ರೋಸ್ ದ್ರಾವಣದಲ್ಲಿ ನೆನೆಸುವುದು. ಮೊದಲು ತೇಲುತ್ತದೆ, ಸಕ್ಕರೆ ಒಳಗೆ ಇಳಿದ ಮೇಲೆ ತಳಕ್ಕೆ ಮುಳುಗುತ್ತದೆ. ಎಷ್ಟು ದಿನ ಎಂದು ಗಡಿಯಾರ ನೋಡುವುದಕ್ಕಿಂತ ಮುಳುಗಿತೇ ಎಂದು ನೋಡುವುದು ಮೇಲು. ಎರಡು, ಬೇಗ ತಣಿಸುವುದು.

ಬೇಗ ಎಂದರೆ ನೇರವಾಗಿ ದ್ರವ ಸಾರಜನಕಕ್ಕೆ ಹಾಕಿಬಿಡೋಣ, ಅದು ಮೈನಸ್ 196 ಡಿಗ್ರಿ ಇದೆಯಲ್ಲ ಎಂದು ನನಗೂ ಅನಿಸಿತ್ತು. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿ ನೋಡಿ: ಹನಿ ತಕ್ಷಣ ಆರುವುದಿಲ್ಲ, ತನ್ನದೇ ಆವಿಯ ಮೇಲೆ ಕೂತು ಅತ್ತಿತ್ತ ಓಡಾಡುತ್ತದೆ. ಅಂಗಾಂಶದ ಸುತ್ತಲೂ ಸಾರಜನಕ ಹಾಗೆಯೇ ಆವಿಯ ಅಂಗಿ ತೊಡಿಸುತ್ತದೆ, ಆ ಅಂಗಿ ಚಳಿಯನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಡ್ರೈ ಐಸ್ ಅಥವಾ ಸಾರಜನಕದಲ್ಲಿ ತಣಿಸಿದ ಐಸೊಪೆಂಟೇನ್ ಎಂಬ ದ್ರವ ಬೇಕು. ಅದು ಅಷ್ಟು ಚಳಿಯಲ್ಲಿ ಕುದಿಯದೆ ಅಂಗಾಂಶಕ್ಕೆ ಅಂಟಿಕೊಂಡೇ ಶಾಖ ಎಳೆಯುತ್ತದೆ. ಆದರೆ ಐಸೊಪೆಂಟೇನ್ ಕುದಿಯುವುದು ಸುಮಾರು 28 ಡಿಗ್ರಿಗೆ, ಜೊತೆಗೆ ಥಟ್ಟನೆ ಹೊತ್ತಿಕೊಳ್ಳುವ ವಸ್ತು. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಬಾಟಲಿಯನ್ನು ಮೇಜಿನ ಮೇಲೆ ಮುಚ್ಚಳ ತೆಗೆದು ಇಡಬೇಡಿ, ಆವಿಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್ ಒಳಗೇ ಇರಲಿ.

ಸುತ್ತ ಸುರಿಯುವ ಓಸಿಟಿ ಎಂಬ ಅಂಟಿನಲ್ಲಿ ಗುಳ್ಳೆ ಇರಬಾರದು. ಮಿದುಳು ನೆಟ್ಟಗೆ ನಿಂತಿರಬೇಕು. ಇವೆರಡನ್ನು ಬಿಟ್ಟರೆ ಅಲ್ಲಿ ಕಷ್ಟವೇನಿಲ್ಲ.

ನಾನು ಮೂರು ವಾರ ಕಳೆದ ಜಾಗ

ಬ್ಲೇಡಿನ ಮುಂದೆ ಒಂದು ಗಾಜಿನ ಪಟ್ಟಿ ಇರುತ್ತದೆ, ಆಂಟಿ-ರೋಲ್ ಪ್ಲೇಟ್. ನಾವೆಲ್ಲ ಬರಿ ‘ಗಾಜು’ ಎನ್ನುತ್ತೇವೆ. ಕತ್ತರಿಸಿದ ಪದರ ಸುರುಳಿ ಸುತ್ತಿಕೊಳ್ಳದೆ ಗಾಜಿಗೂ ಬ್ಲೇಡಿಗೂ ನಡುವಿನ ಸಂದಿಯಲ್ಲಿ ಜಾರಿ ಚಪ್ಪಟೆಯಾಗಿ ಮಲಗಲಿ ಎನ್ನುವುದು ಅದರ ಉದ್ದೇಶ. ನಮ್ಮ ಗಾಜಿನ ಸಂದಿ 50 ಮೈಕ್ರಾನ್. ಪಕ್ಕದ ತಿರುಪಿನಿಂದ ಅದರ ಎತ್ತರವನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಬಹುದು.

ನನ್ನ ಸೆಕ್ಷನ್ ಚಪ್ಪಟೆಯಾಗಿ ಬರುತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ದಿನವೂ ‘ರೋಲ್ ಆಯಿತು’ ಎಂದು ಬರೆದೆ. ರೋಲ್ ತಡೆಯಲು ಇರುವುದು ಗಾಜು, ಹಾಗಾಗಿ ಗಾಜಿನ ತಿರುಪು ತಿರುಗಿಸಿದೆ. ಮೇಲೆ, ಕೆಳಗೆ, ಮತ್ತೆ ಮೇಲೆ. ಒಂದು ಇಡೀ ಮಿದುಳು ಹೀಗೆ ಪುಡಿಯಾಯಿತು. ಕೊನೆಗೆ ನಮ್ಮ ಲ್ಯಾಬ್‌ನ ಹಿರಿಯ ತಂತ್ರಜ್ಞರು ಬಂದು ಹಿಂದೆ ನಿಂತರು.

“ಏನಮ್ಮ, ಆ ತಿರುಪನ್ನೇ ಹಿಡಿದುಕೊಂಡು ಕೂತಿದ್ದೀಯಲ್ಲ. ಗಾಜನ್ನು ಒಮ್ಮೆ ಆಚೆ ಸರಿಸಿ ಕತ್ತರಿಸಿ ನೋಡು.”

“ಗಾಜಿಲ್ಲದೆ ಸುರುಳಿ ಆಗುವುದಿಲ್ಲವೇ ಸರ್?”

“ಆದರೆ ಒಳ್ಳೆಯದೇ. ಆಗುತ್ತದೋ ಇಲ್ಲವೋ ಎಂದೇ ನೋಡಬೇಕಿರುವುದು.”

ಸರಿಸಿ ಕತ್ತರಿಸಿದೆ. ಸುರುಳಿ ಆಗಲಿಲ್ಲ. ಬ್ಲೇಡಿನ ಅಂಚಿನಲ್ಲೇ ಪದರ ಕುಗ್ಗಿ ನೆರಿಗೆ ನೆರಿಗೆಯಾಗಿ ನಿಂತಿತು, ಹಾಲಿನ ಕೆನೆಯನ್ನು ಚಮಚದಿಂದ ತಳ್ಳಿದರೆ ಪಾತ್ರೆಯ ಬದಿಗೆ ಸೇರುತ್ತದಲ್ಲ, ಹಾಗೆ. ಬ್ರಷ್ ತಾಗಿಸಿದರೆ ಬ್ರಷ್ಷಿಗೇ ಮೆತ್ತಿಕೊಂಡಿತು. ಬ್ಲಾಕ್‌ನ ಮುಖ ಹನ್ನೆರಡು ಮಿಲಿಮೀಟರ್ ಎತ್ತರವಿದ್ದರೆ ಪದರ ಒಂಬತ್ತು ಕೂಡ ಇರಲಿಲ್ಲ. ಇದು ಮುದುಡು. ನಾನು ಮುದುಡನ್ನೂ ಸುರುಳಿಯನ್ನೂ ಒಂದೇ ‘ರೋಲ್’ ಎಂಬ ಪದದಲ್ಲಿ ತುಂಬಿಬಿಟ್ಟಿದ್ದೆ. ಕನ್ನಡದಲ್ಲಿ ಬರೆದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತೋ ಏನೋ.

ಈಗ ನೋಟ್‌ಬುಕ್ಕಿನಲ್ಲಿ ಮೂರು ಪದ ಇಟ್ಟುಕೊಂಡಿದ್ದೇನೆ. ಮುದುಡಿದರೆ ಬ್ಲಾಕ್ ಬೆಚ್ಚಗಿದೆ, ಇನ್ನಷ್ಟು ತಣಿಸಬೇಕು. ಬಿರಿದರೆ, ಅಂದರೆ ಅಡ್ಡಡ್ಡ ಸೀಳಿ, ಓಸಿಟಿಯಿಂದ ಮಿದುಳು ಕಳಚಿ, ಹಿಟ್ಟು ಉದುರಿದ ಹಾಗೆ ಪುಡಿ ಬಿದ್ದರೆ ಅತಿಯಾಗಿ ತಣ್ಣಗಿದೆ. ಪೆನ್ಸಿಲ್ ಹೆರೆದಾಗ ಏಳುವ ಸಿಪ್ಪೆಯಂತೆ ಪದರ ಪೂರ್ತಿಯಾಗಿ, ಹರಿಯದೆ, ಅಂದವಾಗಿ ಸುತ್ತಿಕೊಂಡರೆ ಅದು ನಿಜವಾದ ಸುರುಳಿ. ಆಗ ಮಾತ್ರ ಗಾಜಿನ ತಿರುಪಿಗೆ ಕೈ ಹಾಕುವುದು. ಅತಿ ತಣ್ಣಗಿದ್ದಾಗಲೂ ಪದರ ಬಿಗಿಯಾಗಿ ಸುತ್ತಿಕೊಳ್ಳುವುದುಂಟು, ಆದರೆ ಅದನ್ನು ಬ್ರಷ್‌ನಿಂದ ಬಿಡಿಸಲು ಹೋದರೆ ಚಟ್ಟನೆ ಒಡೆಯುತ್ತದೆ. ಒಳ್ಳೆಯ ಸುರುಳಿ ಬಿಡಿಸಿದರೆ ಬಿಚ್ಚಿಕೊಳ್ಳುತ್ತದೆ.

ಗೋಡೆಯ ಪಟ್ಟಿ ಏಕೆ ದಾರಿ ತಪ್ಪಿಸಿತು

ಬ್ಲಾಕ್ ಬೆಚ್ಚಗಿತ್ತು ಎಂದೆನಲ್ಲ, ನಾನು ಇಟ್ಟಿದ್ದು ಮೈನಸ್ 14. ಯಂತ್ರದ ಮೇಲಿನ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಮಿದುಳಿಗೆ ಮೈನಸ್ 12ರಿಂದ 16 ಎಂದಿದೆ. ಪಟ್ಟಿ ಸುಳ್ಳು ಹೇಳುತ್ತಿಲ್ಲ, ಆದರೆ ಅದು ಹೇಳುತ್ತಿರುವುದು ಫಿಕ್ಸ್ ಮಾಡದ, ಸಕ್ಕರೆ ಕಾಣದ ತಾಜಾ ಮಿದುಳಿನ ಮಾತು. ಸಕ್ಕರೆ ಸೇರಿದ ನೀರು ಹೆಪ್ಪುಗಟ್ಟುವುದು ಇನ್ನೂ ಕೆಳಗಿನ ಉಷ್ಣತೆಯಲ್ಲಿ, ಅದೂ ಪೂರ್ತಿಯಾಗಿ ಅಲ್ಲ. ಹರಳುಗಳ ನಡುವೆ ಪಾಕ ಉಳಿದಿರುತ್ತದೆ. ಐಸ್‌ಕ್ಯಾಂಡಿಯನ್ನು ಕಚ್ಚಿ ತಿನ್ನಬಹುದು, ಬರಿ ಮಂಜುಗಡ್ಡೆ ಕಚ್ಚಿದರೆ ಹಲ್ಲು ಜುಮ್ಮೆನ್ನುತ್ತದೆ, ಅಲ್ಲವೇ? ನನ್ನ ಮಿದುಳು ಐಸ್‌ಕ್ಯಾಂಡಿಯಾಗಿತ್ತು. ಅದನ್ನು ಮೈನಸ್ 20ಕ್ಕೆ ಇಳಿಸಿದ ಮೇಲೆ ಗಟ್ಟಿಯಾಗಿ ನಿಂತಿತು. ಈಗ 20ರಿಂದ ಶುರುಮಾಡಿ, ಮುದುಡಿದರೆ 22ಕ್ಕೆ ಇಳಿಸುತ್ತೇನೆ. ಕೊಬ್ಬು ಇರುವ ಅಂಗಾಂಶಕ್ಕೆ ಮೈನಸ್ 30ರ ಆಸುಪಾಸು ಬೇಕಾಗುತ್ತದೆ, ಕೊಬ್ಬು ಸುಲಭವಾಗಿ ಗಟ್ಟಿಯಾಗುವುದಿಲ್ಲ.

ಇನ್ನೊಂದು ಗೊಂದಲ. ಪರದೆಯ ಮೇಲೆ ಎರಡು ಉಷ್ಣತೆ ಕಾಣುತ್ತವೆ, ಪೆಟ್ಟಿಗೆಯದು ಒಂದು, ಬ್ಲಾಕ್ ಹಿಡಿದಿರುವ ತಲೆಯದು ಇನ್ನೊಂದು. ತಲೆಯ ಅಂಕಿ ಬದಲಾದ ಮಾತ್ರಕ್ಕೆ ಬ್ಲಾಕ್‌ನ ಹೊಟ್ಟೆ ಬದಲಾಗಿರುವುದಿಲ್ಲ. ಸ್ನಾನದ ಮನೆಯಲ್ಲಿ ಬಿಸಿನೀರು ಬರಲಿಲ್ಲವೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿ, ಆಮೇಲೆ ಸುಟ್ಟುಕೊಂಡು, ಮತ್ತೆ ಪೂರ್ತಿ ಮುಚ್ಚಿ ನಡುಗುತ್ತೇವಲ್ಲ, ನಾನು ಮಾಡಿದ್ದು ಅದನ್ನೇ. ಮೈನಸ್ 80 ಡಿಗ್ರಿಯ ಫ್ರೀಜರಿನಿಂದ ತೆಗೆದ ಬ್ಲಾಕ್ ಪೆಟ್ಟಿಗೆಯೊಳಗೆ ಮುಕ್ಕಾಲು ಗಂಟೆ ಕೂತಿರಲಿ. ಅವಸರಪಟ್ಟು ಕತ್ತರಿಸಿದರೆ ಬಿರಿಯುತ್ತದೆ, ಬಿರಿಯಿತೆಂದು ಉಷ್ಣತೆ ಏರಿಸುತ್ತೀರಿ, ಅಷ್ಟರಲ್ಲಿ ಬ್ಲಾಕ್ ತಾನಾಗಿಯೇ ಬೆಚ್ಚಗಾಗಿ ಮುದುಡಲು ಶುರುವಾಗುತ್ತದೆ. ಉಷ್ಣತೆ ಬದಲಿಸಿದರೆ ಇಪ್ಪತ್ತು ನಿಮಿಷ ಕೈ ಕಟ್ಟಿ ಕೂರಬೇಕು.

ಸ್ವಲ್ಪವೇ ಬಿರಿಯುತ್ತಿದ್ದರೆ ಚಕ್ರಕ್ಕೆ ಬೀಗ ಹಾಕಿ, ಬ್ಲೇಡಿನ ಕಾಪು ಮುಚ್ಚಿ, ಕೈಗವಸಿನ ಹೆಬ್ಬೆರಳನ್ನು ಎರಡು ಸೆಕೆಂಡು ಬ್ಲಾಕ್‌ನ ಮುಖಕ್ಕೆ ಒತ್ತುವ ಉಪಾಯವಿದೆ. ಎರಡು ಮೂರು ಸೆಕ್ಷನ್ ಚೆನ್ನಾಗಿ ಬರುತ್ತವೆ, ಆಮೇಲೆ ಮತ್ತೆ ಅದೇ ಕಥೆ. ಹತ್ತು ನಿಮಿಷಕ್ಕೊಮ್ಮೆ ಹೆಬ್ಬೆರಳು ಬೇಕಾಗುತ್ತಿದ್ದರೆ ಉಷ್ಣತೆಯೇ ತಪ್ಪಿದೆ ಎಂದರ್ಥ.

ನಡುವೆ ಒಂದು ಮಾತು. ಆಪರೇಷನ್ ಮೇಜಿನ ಮೇಲೆ ರೋಗಿ ಮಲಗಿರುವಾಗಲೇ ಗೆಡ್ಡೆಯ ಚೂರನ್ನು ಹೆಪ್ಪುಗಟ್ಟಿಸಿ ನೋಡುವ ಪದ್ಧತಿಯನ್ನು 1905ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಲೂಯಿಸ್ ವಿಲ್ಸನ್ ಮೆಥಿಲೀನ್ ನೀಲಿ ಬಣ್ಣ ಬಳಸಿ ರೂಢಿಗೆ ತಂದರು. ಕತ್ತರಿಸುವ ಯಂತ್ರವನ್ನೇ ಚಳಿಪೆಟ್ಟಿಗೆಯೊಳಗೆ ಇಟ್ಟ ಕ್ರಯೋಸ್ಟಾಟ್ ಬಂದದ್ದು 1938ರಲ್ಲಿ, ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಲಿಂಡರ್‌ಸ್ಟ್ರೋಮ್-ಲಾಂಗ್ ಮತ್ತು ಮೊಗೆನ್ಸನ್ ಅವರಿಂದ. ಪೆಟ್ಟಿಗೆಯಿಲ್ಲದ ಆ ಮೂವತ್ತು ಚಿಲ್ಲರೆ ವರ್ಷ ಬೆಚ್ಚಗಿನ ಕೋಣೆಯಲ್ಲಿ ಕತ್ತರಿಸುತ್ತಿದ್ದವರ ತಾಳ್ಮೆ ನೆನೆದರೆ ನನ್ನ ಮೂರು ವಾರ ಏನೂ ಅಲ್ಲ.

ಗಾಜು, ಕೊನೆಗೂ

ಉಷ್ಣತೆ ಸರಿಯಾದ ಮೇಲೂ ಗಾಜು ಕಾಟ ಕೊಟ್ಟಿತು, ಅದನ್ನು ಮರೆಮಾಚುವುದಿಲ್ಲ. ಮಿದುಳು ಹಾಳು ಮಾಡುವ ಬದಲು ಬರಿ ಓಸಿಟಿಯ ಬ್ಲಾಕ್ ಮಾಡಿಕೊಂಡು ಅದರ ಮೇಲೆ ಅಭ್ಯಾಸ ಮಾಡಿ.

ಗಾಜು ಬ್ಲೇಡಿನ ಅಂಚಿಗಿಂತ ಕೆಳಗಿದ್ದರೆ ಪದರ ಸಂದಿಗೆ ಹೋಗದೆ ಗಾಜಿನ ಮೇಲೆ ಹತ್ತಿ ಸುತ್ತಿಕೊಳ್ಳುತ್ತದೆ. ತೀರಾ ಮೇಲಿದ್ದರೆ ಬ್ಲಾಕ್ ಇಳಿಯುವಾಗ ಗಾಜಿಗೆ ಉಜ್ಜಿ ಕರ್ ಎಂದು ಸದ್ದಾಗುತ್ತದೆ. ಆ ಸದ್ದು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಬೇಕಾಗಿರುವುದು ಬ್ಲೇಡಿಗಿಂತ ಕೂದಲೆಳೆಯಷ್ಟು ಮೇಲೆ, ಉದ್ದಕ್ಕೂ ಸಮನಾಗಿ. ನಾನು ಬೇಕೆಂದೇ ಕೆಳಗಿನಿಂದ ಶುರುಮಾಡುತ್ತೇನೆ. ಒಂದು ಕತ್ತರಿಸು, ತಿರುಪು ಒಂದಿಷ್ಟು, ಮತ್ತೊಂದು ಕತ್ತರಿಸು. ನಾಲ್ಕನೆಯದೋ ಐದನೆಯದೋ ಇದ್ದಕ್ಕಿದ್ದ ಹಾಗೆ ಗಾಜಿನಡಿಗೆ ನುಸುಳಿ ಹೋಗುತ್ತದೆ. ಗಾಜಿನ ಮೂಲಕವೇ ಮಿದುಳಿನ ಎರಡು ಅರ್ಧಗಳು ಕಾಣುತ್ತವೆ. ಆ ಕ್ಷಣಕ್ಕೆ ತಿರುಪು ಬಿಡಬೇಕು, ಇನ್ನೂ ಚೆನ್ನಾಗಿಸೋಣ ಎಂಬ ಆಸೆ ಬೇಡ.

ಸರಿಯಾಗಿದ್ದ ಗಾಜು ನಡುವೆ ಕೈಕೊಟ್ಟರೆ ತಿರುಪನ್ನು ಬೈಯುವ ಮೊದಲು ಅಂಚು ನೋಡಿ. ಹಳೆಯ ಚೂರೊಂದು ಅಂಟಿದ್ದರೂ ಪದರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಲ್ಕೋಹಾಲ್ ಹಚ್ಚಿದ ಟಿಶ್ಯೂ ಕಾಗದದಲ್ಲಿ ಒರೆಸಿ, ಆದರೆ ಪೂರ್ತಿ ಆರಲಿ. ಒದ್ದೆ ಉಳಿದರೆ ಮುಂದಿನ ಪದರ ಕರಗುತ್ತದೆ. ಒರೆಸುವಾಗ ಬೆರಳ ಬಿಸಿಗೆ ಗಾಜೂ ಬೆಚ್ಚಗಾಗಿರುತ್ತದೆ, ಐದು ನಿಮಿಷ ಬಾಗಿಲು ಮುಚ್ಚಿ ಕಾಯಿರಿ. ಮಳೆಗಾಲದಲ್ಲಿ ಈ ಬಾಗಿಲು ಇನ್ನೂ ಮುಖ್ಯ. ಜುಲೈ ತಿಂಗಳ ಒದ್ದೆ ಗಾಳಿ ಒಳಹೊಕ್ಕರೆ ಗಾಜಿನ ಮೇಲೆ ಹಿಮದ ಪುಡಿ ಕೂರುತ್ತದೆ. ನೇರವಾಗಿ ಒಳಗೆ ಉಸಿರು ಬಿಟ್ಟರೂ ಅದೇ.

ಸೆಕ್ಷನ್‌ನಲ್ಲಿ ಪ್ರತಿ ಬಾರಿಯೂ ಒಂದೇ ಜಾಗದಲ್ಲಿ ಉದ್ದ ಗೀರು ಬಂದರೆ ಬ್ಲೇಡನ್ನು ಪಕ್ಕಕ್ಕೆ ಐದು ಮಿಲಿಮೀಟರ್ ಸರಿಸಿ ಕತ್ತರಿಸಿ. ಗೀರು ಬ್ಲೇಡಿನ ಜೊತೆಗೆ ಸರಿದರೆ ಬ್ಲೇಡಿನ ಬಾಯಿ ಮುಕ್ಕಾಗಿದೆ. ಇದ್ದಲ್ಲೇ ಇದ್ದರೆ ಗಾಜಿನ ಅಂಚೋ, ಬ್ಲಾಕ್‌ನೊಳಗಿನ ಗಟ್ಟಿ ಕಣವೋ. ನಮ್ಮ ಗಾಜನ್ನು ಹೊರಳಿಸಿ ಬೇರೆ ಅಂಚನ್ನು ಬಳಸಬಹುದು, ನಾನು ಹೊಸದು ತರಿಸಲು ಚೀಟಿ ಬರೆದ ಮೇಲೆ ಅದು ತಿಳಿಯಿತು.

ಉಳಿದದ್ದು

ಸ್ಲೈಡ್ ಕೋಣೆಯ ಉಷ್ಣತೆಯಲ್ಲಿರಲಿ, ಪೆಟ್ಟಿಗೆಯೊಳಗೆ ಇಡಬೇಡಿ. ಗಾಜನ್ನು ಎತ್ತಿ ಸ್ಲೈಡನ್ನು ಮುಖ ಕೆಳಗೆ ಮಾಡಿ ಹತ್ತಿರ ತಂದರೆ ಸೆಕ್ಷನ್ ತಾನಾಗಿ ಜಿಗಿದು ಅಂಟಿಕೊಳ್ಳುತ್ತದೆ. ಒತ್ತುವುದೇನೂ ಬೇಡ. ಬ್ರಷ್‌ಗಳು ಮಾತ್ರ ಒಳಗೇ ತಣ್ಣಗಿರಬೇಕು. ಸ್ಲೈಡಿನ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ, ಆಲ್ಕೋಹಾಲಿಗೆ ಪೆನ್ನಿನ ಶಾಯಿ ನಿಲ್ಲುವುದಿಲ್ಲ. ಟ್ರಿಮ್ಮಿಂಗ್, ಅಂದರೆ ಬೇಕಾದ ಜಾಗ ಸಿಗುವವರೆಗೆ ಹೆರೆದು ತೆಗೆಯುವುದನ್ನು, 30 ಮೈಕ್ರಾನಿನಲ್ಲಿ ಬೇಗ ಮುಗಿಸಿ 20ಕ್ಕೆ ಬನ್ನಿ. ಒಂದು ಮಿಲಿಮೀಟರಿಗೆ ಐವತ್ತು ಸೆಕ್ಷನ್ ಎಂಬ ಲೆಕ್ಕ ತಲೆಯಲ್ಲಿದ್ದರೆ ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗ ದಾಟಿ ಹೋಗುವುದಿಲ್ಲ. ಚಹಾ ಕುಡಿದು ಬಂದ ಮೇಲಿನ ಮೊದಲ ಎರಡು ಮೂರು ಸೆಕ್ಷನ್ ಎಸೆಯಿರಿ. ಉಷ್ಣತೆ ಏರಿಳಿದು ಬ್ಲಾಕ್ ಹಿಗ್ಗಿಯೋ ಕುಗ್ಗಿಯೋ ಇರುವುದರಿಂದ ದಪ್ಪ ಸರಿಯಿರುವುದಿಲ್ಲ.

ಬ್ಲೇಡಿನ ವಿಷಯ. ಒಳಗೆ ಬಿದ್ದ ಬ್ರಷ್ ಎತ್ತಲು ಕಾಪು ಮುಚ್ಚದೆ ಕೈ ಹಾಕಿದೆ, ಕೈಗವಸು ಸೀಳಿತು, ಚರ್ಮ ಉಳಿಯಿತು. ಚಳಿಯಲ್ಲಿ ಬೆರಳು ಮರಗಟ್ಟಿರುವುದರಿಂದ ಸೀಳಿದ್ದೂ ಆಮೇಲೆ ನೋಡಿದಾಗಲೇ ಗೊತ್ತಾದದ್ದು. ಈಗ ಚಕ್ರದ ಬೀಗ, ಬ್ಲೇಡಿನ ಕಾಪು, ಆಮೇಲೆ ಕೈ, ಇದೇ ಕ್ರಮ. ಫಿಕ್ಸ್ ಮಾಡದ ಮನುಷ್ಯರ ಅಂಗಾಂಶ ಕತ್ತರಿಸುವವರಿಗೆ ಕ್ಷಯದಂತಹ ಸೋಂಕಿನ ಭಯವೂ ಇದೆ. ಅಲ್ಲಿ ತಣಿಸುವ ಸ್ಪ್ರೇ ಹೊಡೆದರೆ ಕಣಗಳು ಗಾಳಿಗೆ ಏಳುತ್ತವೆ, ಬೇಡ.

ಉಳಿದ ಅರ್ಧ ಬ್ಲಾಕ್‌ನ ಕತ್ತರಿಸಿದ ಮುಖಕ್ಕೆ ಓಸಿಟಿ ಸವರಿ, ಅದು ಗಟ್ಟಿಯಾದ ಮೇಲೆ ಫಾಯಿಲ್‌ನಲ್ಲಿ ಸುತ್ತಿ ಮೈನಸ್ 80ಕ್ಕೆ ಇಡಿ. ಮೇಜಿನ ಮೇಲೆ ಮರೆತು ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಮೊದಲಿಗೆ ಹೇಳಿದ ತೂತುಗಳೇ. ಡಿಫ್ರಾಸ್ಟ್ ಗಂಟೆಯನ್ನು, ಅಂದರೆ ಯಂತ್ರ ತಾನಾಗಿ ಬೆಚ್ಚಗಾಗಿ ಒಳಗಿನ ಹಿಮ ಕರಗಿಸಿಕೊಳ್ಳುವ ಹೊತ್ತನ್ನು, ರಾತ್ರಿ ಎರಡಕ್ಕೆ ಇಟ್ಟಿದ್ದೇನೆ. ಅದು ಸಂಜೆ ಐದಕ್ಕೆ ಇದ್ದದ್ದರಿಂದ ಎರಡನೆಯ ವಾರದ ಸೆಕ್ಷನ್‌ಗಳಲ್ಲಿ ಎಷ್ಟು ಮುದುಡಿದವು ಎಂಬ ಲೆಕ್ಕ ಇನ್ನೂ ಹಾಕಿಲ್ಲ.