ಹೊಸ ಗೊರಸಿನ ಬೆಳವಣಿಗೆ: ಜಿಂಕೆ ಮರಿಯ ವಯಸ್ಸಿನ ಅಳತೆ

ಕೊಟ್ಟಿಗೆಯಲ್ಲಿ ಆಗಷ್ಟೇ ಹುಟ್ಟಿದ ಕರುವಿನ ಗೊರಸು ಮುಟ್ಟಿ ನೋಡಿದ್ದೀರಾ? ತುದಿ ರಬ್ಬರಿನ ಹಾಗೆ ಮೆತ್ತಗಿರುತ್ತದೆ. ಕರು ಓಡಾಡತೊಡಗಿದ ಮೇಲೆ ಆ ಮೆತ್ತನೆಯ ಭಾಗ ಸವೆದುಹೋಗುತ್ತದೆ. ಜಿಂಕೆ ಮರಿಯ ಗೊರಸೂ ಹಾಗೆಯೇ. ಆದರೆ ವಯಸ್ಸಿನ ಗುರುತು ಇರುವುದು ತುದಿಯಲ್ಲಲ್ಲ, ಮೇಲ್ಗಡೆ.

ಗೊರಸು ನಮ್ಮ ಉಗುರಿನ ಹಾಗೆ ಬುಡದಿಂದ ಬೆಳೆಯುತ್ತದೆ. ತಾಯಿಯ ಹೊಟ್ಟೆಯಲ್ಲಿ ಬೆಳೆದ ಗೊರಸಿಗೂ ಹುಟ್ಟಿದ ಮೇಲೆ ಬೆಳೆದ ಗೊರಸಿಗೂ ನಡುವೆ ಒಂದು ಸಣ್ಣ ಏಣು ಕಾಣುತ್ತದೆ. ಕೂದಲು ಮುಗಿಯುವ ಗೆರೆಯಿಂದ ಆ ಏಣಿನವರೆಗಿನ ದೂರವೇ ‘ಹೊಸ ಗೊರಸಿನ ಬೆಳವಣಿಗೆ’. ಕ್ಯಾಲಿಪರ್ ಹಿಡಿದು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಯ ಮರಿಗಳ ವಯಸ್ಸನ್ನು ಹೀಗೆ ಲೆಕ್ಕಹಾಕುವ ಬಗ್ಗೆ ಹೌಗನ್ ಮತ್ತು ಸ್ಪೀಕ್ ಎಂಬ ಇಬ್ಬರು 1958ರಲ್ಲೇ ಬರೆದಿದ್ದರು.

ತೂಕ ನೋಡಿದರೆ ಸಾಲದಾ? ಸಾಲದು. ಬಿಳಿಬಾಲದ ಜಿಂಕೆ ಅವಳಿ ಮರಿ ಹಾಕುವುದು ಮಾಮೂಲು. ತಾಯಿಗೆ ಮೇವು ಕಡಿಮೆಯಾಗಿದ್ದರೆ ಮರಿ ಬಡಕಲಾಗಿಯೇ ಹುಟ್ಟುತ್ತದೆ. ಹಾಗಾಗಿ ವಾರದ ಬಡಕಲು ಮರಿ, ಮೊನ್ನೆ ಹುಟ್ಟಿದ ದಷ್ಟಪುಷ್ಟ ಮರಿ ತಕ್ಕಡಿಯಲ್ಲಿ ಒಂದೇ ತೂಗಬಹುದು. ಹಿಂಗಾಲಿನ ಪಾದದ ಉದ್ದ, ಎದೆಯ ಸುತ್ತಳತೆ, ಹೊಕ್ಕುಳಬಳ್ಳಿ ಒಣಗಿದೆಯೋ ಇಲ್ಲವೋ, ಹತ್ತಿರ ಹೋದರೆ ಮರಿ ಸುಮ್ನೆ ಮಲಗಿರುತ್ತದೋ ಎದ್ದು ಓಡುತ್ತದೋ, ಇವನ್ನೆಲ್ಲ ಸೇರಿಸಿ ನೋಡುತ್ತಾರೆ. ಇವುಗಳಲ್ಲಿ ಗೊರಸನ್ನೇ ಜಾಸ್ತಿ ನಂಬುತ್ತಾ ಬಂದಿದ್ದಾರೆ.

ಇಷ್ಟೆಲ್ಲ ಕಷ್ಟ ಯಾಕೆಂದರೆ, ಮರಿಗಳು ಜಾಸ್ತಿ ಸಾಯುವುದೇ ಮೊದಲ ಕೆಲವು ವಾರಗಳಲ್ಲಿ. ಕೈಗೆ ಸಿಕ್ಕ ಮರಿ ಎರಡು ದಿನದ್ದೋ ಎಂಟು ದಿನದ್ದೋ ಗೊತ್ತಿಲ್ಲದಿದ್ದರೆ ಎಷ್ಟು ಮರಿ ಬದುಕುತ್ತವೆ ಎಂಬ ಲೆಕ್ಕವೇ ತಪ್ಪುತ್ತದೆ. ಎಂಟು ದಿನದ ಮರಿ ಆಗಲೇ ದೊಡ್ಡ ಗಂಡಾಂತರ ದಾಟಿ ಬಂದಿದೆ, ಅಲ್ವಾ?

ಆದರೂ ಇದು ಅಂದಾಜೇ. ಗೊರಸು ದಿನಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಒದ್ದಾಡುವ ಮರಿಯನ್ನು ಹಿಡಿದು ಅಳೆಯುವಾಗ ಕೈ ಅರ್ಧ ಮಿಲಿಮೀಟರ್ ಜಾರಿದರೂ ವಯಸ್ಸು ಒಂದು ದಿನಕ್ಕಿಂತ ಹೆಚ್ಚು ಆಚೀಚೆ ಆಗಬಹುದು. ಈಗ ಬಸುರಿ ಜಿಂಕೆಯ ಯೋನಿಯೊಳಗೆ ಪುಟ್ಟ ರೇಡಿಯೊ ಸಾಧನ ಇಡುವ ಕ್ರಮವಿದೆ. ಹೆರಿಗೆಯ ಹೊತ್ತಿಗೆ ಅದು ಹೊರಬಿದ್ದು ಸಂಕೇತ ಬದಲಿಸುತ್ತದೆ. ಹಾಗಾಗಿ ಮರಿ ಹುಟ್ಟಿದ ಹೊತ್ತು ಹೆಚ್ಚುಕಡಿಮೆ ಖಚಿತವಾಗಿ ಸಿಗುತ್ತದೆ. ಇಂಥ ಮರಿಗಳ ಗೊರಸು ಅಳೆದು ನೋಡಿದಾಗ, ಒಂದು ಕಡೆ ಸಾಕಿದ ಮರಿಗಳಿಂದ ಕಟ್ಟಿದ ಸೂತ್ರ ಇನ್ನೊಂದು ಕಡೆಯ ಕಾಡುಮರಿಗಳಿಗೆ ಸರಿಹೊಂದದೇ ಇದ್ದದ್ದೂ ಉಂಟು.