ಓದುಗರ ಪ್ರಶ್ನೆ: ಬೆಂಗಳೂರಲ್ಲಿ ಸುತ್ತಾಡಿಕೊಂಡು ಒಳ್ಳೆ ಸಿಹಿ ತಿನ್ನಲು ಎಲ್ಲಿಗೆ ಹೋಗಬೇಕು?

ಪ್ರಶ್ನೆ: "ಮಕ್ಕಳನ್ನು ಕರೆದುಕೊಂಡು ಎರಡು ದಿನಕ್ಕೆ ಬೆಂಗಳೂರಿಗೆ ಬರ್ತಿದ್ದೇವೆ. ಮಾಲ್ ಬೇಡ. ಊರು ನೋಡಿದ ಹಾಗೂ ಆಗಬೇಕು, ಬೆಂಗಳೂರಿನದೇ ಅನ್ನುವಂಥ ಸಿಹಿ ತಿಂದ ಹಾಗೂ ಆಗಬೇಕು. ಎಲ್ಲಿಂದ ಶುರು ಮಾಡಲಿ?"

ಇದನ್ನು ಯಾರನ್ನು ಕೇಳಿದರೂ ಒಂದು ಉದ್ದನೆಯ ಪಟ್ಟಿ ಕೊಡುತ್ತಾರೆ. ಮಲ್ಲೇಶ್ವರದಲ್ಲಿ ಇದು, ಬಸವನಗುಡಿಯಲ್ಲಿ ಅದು, ಚರ್ಚ್ ಸ್ಟ್ರೀಟಿನಲ್ಲಿ ಇನ್ನೊಂದು. ಪಟ್ಟಿ ಸರಿಯಾಗಿಯೇ ಇರುತ್ತದೆ. ಆದರೆ ಅದನ್ನು ಹಿಡಿದು ಹೊರಟವರ ಅರ್ಧ ದಿನ ಸಿಗ್ನಲ್‌ಗಳಲ್ಲೇ ಕಳೆದುಹೋಗುತ್ತದೆ. ಅಂಗಡಿ ಮುಟ್ಟುವ ಹೊತ್ತಿಗೆ ಮಕ್ಕಳು ನಿದ್ದೆ, ದೊಡ್ಡವರಿಗೆ ತಲೆನೋವು.

ಆದ್ದರಿಂದ ನನ್ನ ಸಲಹೆ ಒಂದೇ. ಅಂಗಡಿ ಆರಿಸಬೇಡಿ, ಬಡಾವಣೆ ಆರಿಸಿ. ಒಂದು ದಿನಕ್ಕೆ ಒಂದೇ ಕಡೆ. ಮೆಟ್ರೋದಲ್ಲಿ ಹೋಗಿ ಇಳಿಯಿರಿ, ಅಲ್ಲಿಂದ ನಡೆಯಿರಿ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದು ಅನುಕೂಲ ಇದೆ. ದೇವಸ್ಥಾನ, ಪಾರ್ಕು, ಮಾರ್ಕೆಟ್ಟು, ಬೇಕರಿ, ಸಿಹಿ ಅಂಗಡಿ ಎಲ್ಲ ಕೂಗಳತೆಯಲ್ಲೇ ಇರುತ್ತವೆ. ನಡೆದರೆ ಹಸಿವಾಗುತ್ತದೆ, ಹಸಿದರೆ ಸಿಹಿ ರುಚಿಸುತ್ತದೆ. ಹೊರಗಿನಿಂದ ಬಂದವರಿಗೆ ಈ ಊರು ಇಷ್ಟವಾಗಬೇಕಾದರೆ ಇದೊಂದೇ ದಾರಿ ಅಂತ ನಾನು ನಿಜವಾಗಿ ನಂಬಿದ್ದೇನೆ.

ಎರಡರಲ್ಲಿ ಒಂದೇ ದಿನ ಸಿಹಿಗೆ ಅಂತ ಇಡುವುದಾದರೆ ಯೋಚನೆಯೇ ಬೇಡ: ಲಾಲ್‌ಬಾಗ್, ಬಸವನಗುಡಿ, ವಿ.ವಿ. ಪುರಂ. ಮೂರೂ ಅಕ್ಕಪಕ್ಕ.

ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗಿ, ಬಿಸಿಲು ಏರುವ ಮುಂಚೆ. ಹಸಿರು ಮಾರ್ಗದಲ್ಲಿ ಅದರ ಹೆಸರಿನದೇ ಮೆಟ್ರೋ ನಿಲ್ದಾಣ ಇದೆ. 1760ರಲ್ಲಿ ಹೈದರಾಲಿ ಶುರು ಮಾಡಿಸಿದ ತೋಟ ಇದು, ಈಗ ಸುಮಾರು 240 ಎಕರೆ. ಎಲ್ಲರೂ ಗಾಜಿನ ಮನೆಗೆ ಓಡುತ್ತಾರೆ. ಮಕ್ಕಳಿದ್ದರೆ ಮೊದಲು ಕೆಂಪೇಗೌಡರ ಗೋಪುರ ಇರುವ ಬಂಡೆ ಹತ್ತಿಸಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮೇಲೆ ನಿಂತು ಈ ಮಾತು ಹೇಳಿದರೆ ಮಕ್ಕಳು ಒಂದು ಸಲ ಕಾಲ ಕೆಳಗೆ ನೋಡಿಕೊಳ್ಳುತ್ತಾರೆ. ಜನವರಿ, ಆಗಸ್ಟ್‌ನಲ್ಲಿ ಬಂದರೆ ಫಲಪುಷ್ಪ ಪ್ರದರ್ಶನವೂ ಸಿಗುತ್ತದೆ. ಆಗ ಜನ ಮಾತ್ರ ಜಾಸ್ತಿ.

ಲಾಲ್‌ಬಾಗ್ ರಸ್ತೆಯಲ್ಲೇ ಎಂ.ಟಿ.ಆರ್. ಇದೆ. 1924ರಲ್ಲಿ ಶುರುವಾದ ಹೋಟೆಲ್. ಬಂದವರೆಲ್ಲ ರವೆ ಇಡ್ಲಿ ತಿಂದು ಎದ್ದು ಹೋಗುತ್ತಾರೆ. ನೀವು ಭಾನುವಾರ ಬಂದರೆ ಚಂದ್ರಹಾರ ಕೇಳಿ. ಪದರ ಪದರವಾಗಿ ಮಡಚಿ ಕರಿದ ತ್ರಿಕೋನ, ಅದರ ಮೇಲೆ ಖೋವಾದ ಗಟ್ಟಿ ಹಾಲು. ಪದರ ಗರಿಗರಿ ಇರುವಾಗಲೇ ತಿನ್ನಬೇಕು. ಫೋಟೋ ತೆಗೆಯುತ್ತಾ ಕೂತರೆ ಮೆತ್ತಗಾಗಿಬಿಡುತ್ತದೆ. ಭಾನುವಾರ ಕಾಯುವುದಂತೂ ತಪ್ಪಿದ್ದಲ್ಲ, ಹೆಸರು ಬರೆಸಿ ಕೂತಿರಬೇಕು. ಸೋಮವಾರ ಹೋಟೆಲಿಗೆ ರಜೆ, ನೆನಪಿರಲಿ. ಬೇರೆ ದಿನ ಹೋದವರು ಬಾದಾಮಿ ಹಲ್ವ ತಗೊಳ್ಳಿ. ಸ್ವಲ್ಪವೇ ಸಾಕು, ತುಪ್ಪ ಅಷ್ಟಿರುತ್ತದೆ.

ಮಧ್ಯಾಹ್ನ ರೂಮಿಗೆ ಹೋಗಿ ಮಲಗಿ. ಮಕ್ಕಳನ್ನು ಬಿಸಿಲಿನಲ್ಲಿ ಎಳೆದಾಡಬೇಡಿ. ನಾಲ್ಕರ ಮೇಲೆ ಬಸವನಗುಡಿ. ದೊಡ್ಡ ಗಣಪತಿ, ದೊಡ್ಡ ಬಸವಣ್ಣ, ಪಕ್ಕದಲ್ಲೇ ಬ್ಯೂಗಲ್ ರಾಕ್ ಪಾರ್ಕ್. ಬಂಡೆ ಹತ್ತಿ ಇಳಿಯಲು ಮಕ್ಕಳಿಗೆ ಬೇಕಾದಷ್ಟು ಜಾಗ. ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲೇ ಕಡಲೆಕಾಯಿ ಪರಿಷೆ. ಆಗ ರಸ್ತೆಯ ಎರಡೂ ಬದಿಯಲ್ಲಿ ಕಡಲೆಕಾಯಿ ರಾಶಿ, ನಡುನಡುವೆ ಬೆಂಡು, ಬತ್ತಾಸು, ಕಲ್ಯಾಣ ಸೇವೆಯಂಥ ಜಾತ್ರೆ ಸಿಹಿಗಳ ಅಂಗಡಿ. ನಿಮ್ಮ ದಿನಗಳು ಅದಕ್ಕೆ ಹೊಂದಿದರೆ ಬೇರೆಲ್ಲ ಬಿಟ್ಟು ಅಲ್ಲಿಗೇ ಹೋಗಿ. ಬತ್ತಾಸು ಬಾಯಿಗೆ ಹಾಕಿಕೊಂಡ ಕೂಡಲೇ ಕರಗುವುದನ್ನು ಈಗಿನ ಮಕ್ಕಳು ಎಲ್ಲಿ ನೋಡಿರುತ್ತಾರೆ ಹೇಳಿ?

ಕತ್ತಲಾಗುವ ಹೊತ್ತಿಗೆ ಆಟೋ ಹಿಡಿದು ವಿ.ವಿ. ಪುರಂಗೆ ಬನ್ನಿ. ಸಜ್ಜನ್ ರಾವ್ ವೃತ್ತದ ಹತ್ತಿರದ ತಿಂಡಿ ಬೀದಿ. ಮೆಟ್ರೋದಲ್ಲಿ ಬರುವುದಾದರೆ ನ್ಯಾಷನಲ್ ಕಾಲೇಜ್ ನಿಲ್ದಾಣ ಹತ್ತಿರ. ಹಗಲಲ್ಲಿ ಇಲ್ಲಿ ಏನೂ ಇಲ್ಲ. ಸಂಜೆ ಆರರ ಮೇಲೆ ಬೀದಿ ತುಂಬುತ್ತದೆ. ಶನಿವಾರ, ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ. ವಾರದ ದಿನ ಬಂದರೆ ನಿಮಗೇ ಒಳ್ಳೆಯದು.

ಇಲ್ಲಿ ಸುಮ್ನೆ ಹೋಳಿಗೆ ಅಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಿ. ನುರಿತವರು ಕಣಕವನ್ನು ನಿಂಬೆಹಣ್ಣಿನ ಗಾತ್ರ ತಗೊಂಡು, ಅದಕ್ಕಿಂತ ದಪ್ಪ ಹೂರಣದ ಉಂಡೆಯನ್ನು ಒಳಗಿಟ್ಟು, ಬಾಯಿ ಮುಚ್ಚಿ, ಎಣ್ಣೆ ಸವರಿದ ಹಾಳೆಯ ಮೇಲೆ ಬೆರಳಲ್ಲೇ ತಟ್ಟುತ್ತಾರೆ. ಅಂಚು ಹರಿಯುವುದಿಲ್ಲ, ಹೂರಣ ಇಣುಕುವುದಿಲ್ಲ. ಹಾಳೆ ಸಮೇತ ಕಾವಲಿಯ ಮೇಲೆ ಬೋರಲು ಹಾಕಿ, ಹಾಳೆಯನ್ನು ಮೆಲ್ಲಗೆ ಎಳೆದುಕೊಳ್ಳುತ್ತಾರೆ. ಒಂದು ಕಡೆ ಕಂದು ಚುಕ್ಕೆ ಬಿದ್ದ ಮೇಲೆ ಮಗುಚುತ್ತಾರೆ. ಕೈಗೆ ಕೊಡುವಾಗ ಮೇಲೊಂದು ಚಮಚ ತುಪ್ಪ. ಕಾಯಿ ಹೋಳಿಗೆ ತಿನ್ನಿ, ಬೇಳೆ ಹೋಳಿಗೆ ತಿನ್ನಿ, ಯಾವುದೇ ಆದರೂ ಕಾವಲಿಯಿಂದ ಇಳಿದದ್ದನ್ನೇ ಕೇಳಿ ತಗೊಳ್ಳಿ. ಮಾಡಿ ಒಟ್ಟಿದ ಅಟ್ಟಿಯಿಂದ ತೆಗೆದುಕೊಟ್ಟರೆ "ಬಿಸಿದು ಕೊಡಿ, ಕಾಯ್ತೀವಿ" ಅನ್ನಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇದೇ ಬೀದಿಯಲ್ಲಿ ಶಿವಣ್ಣ ಗುಲ್ಕನ್ ಸೆಂಟರ್ ಇದೆ. ಗುಲಾಬಿ ಎಸಳನ್ನು ಸಕ್ಕರೆಯಲ್ಲಿ ನೆನೆಸಿಟ್ಟ ಗುಲ್ಕನ್, ಅದರ ಜೊತೆ ಹಣ್ಣು, ಐಸ್‌ಕ್ರೀಂ, ಬೇಕಾದರೆ ಬೆಣ್ಣೆ. ಬೆಣ್ಣೆ ಗುಲ್ಕನ್ ಅಂದ ಕೂಡಲೇ ಹೊಸಬರು ಅನುಮಾನದಿಂದ ನೋಡುತ್ತಾರೆ. ಉಪ್ಪಿಲ್ಲದ ಬೆಣ್ಣೆ ಅದು. ಗುಲ್ಕನ್‌ನ ಕಡು ಸಿಹಿಯನ್ನು ಹದಕ್ಕೆ ತರುತ್ತದೆ. ನನ್ನ ಓಟು ಬೆಣ್ಣೆಗೇ.

ಈ ಹಂತದಲ್ಲಿ ಒಂದು ಕಿವಿಮಾತು. ಸಿಹಿಯ ಮೇಲೆ ಸಿಹಿ ತಿಂದರೆ ಮೂರನೆಯದಕ್ಕೇ ಮುಖ ಹೊಡೆಯುತ್ತದೆ. ನಡುವೆ ಖಾರ ಬೇಕೇ ಬೇಕು. ಅದಕ್ಕೆ ಅಲ್ಲೇ ವಿ.ಬಿ. ಬೇಕರಿ ಇದೆ, 1953ರಿಂದ. ಒಂದು ಪೊಟ್ಟಣ ಕಾಂಗ್ರೆಸ್ ಕಡಲೆಕಾಯಿ ತಗೊಂಡು ಜೇಬಿನಲ್ಲಿಟ್ಟುಕೊಳ್ಳಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರೆ ಇನ್ನೊಂದು ಸಿಹಿಗೆ ನಾಲಿಗೆ ಸಿದ್ಧ. ಖಾರಾ ಬನ್ ಆದರೂ ಸರಿ.

ಚಳಿಗಾಲದಲ್ಲಿ ಬರುವವರಿಗೆ ಇನ್ನೂ ಒಂದು ಲಾಭ. ಅವರೆಕಾಯಿ ಸುಗ್ಗಿಯಲ್ಲಿ ಈ ಕಡೆ ಅವರೆ ಮೇಳ ನಡೆಯುತ್ತದೆ. ಅವರೆಬೇಳೆಯ ದೋಸೆ, ಸಾರು ಇರಲಿ, ಅವರೆಬೇಳೆಯ ಹೋಳಿಗೆ, ಜಾಮೂನು, ಜಿಲೇಬಿಯನ್ನೂ ಮಾಡುತ್ತಾರೆ. ಸೊಗಡು ಅವರೆಯ ಘಮ ಸಕ್ಕರೆ ಪಾಕದಲ್ಲಿ ಹೊಂದುತ್ತಾ ಅಂತ ಕೇಳಿದರೆ, ಹೋಳಿಗೆಯಲ್ಲಿ ಚೆನ್ನಾಗಿ ಹೊಂದುತ್ತದೆ, ಜಾಮೂನಿನಲ್ಲಿ ಅಷ್ಟಕ್ಕಷ್ಟೇ. ಆದರೂ ಬೇರೆಲ್ಲೂ ಸಿಗದ್ದು, ಒಂದು ತಿಂದು ನೋಡಿ.

ಎರಡನೇ ದಿನಕ್ಕೆ ನಿಮ್ಮ ಮುಂದೆ ಮೂರು ದಾರಿ ಇವೆ. ಮೂರನ್ನೂ ಮಾಡಲು ಹೋಗಬೇಡಿ.

ಹಳೆಯ ಊರು ನೋಡುವ ಆಸೆ ಇದ್ದರೆ ಪೇಟೆ. ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿಯಿರಿ. ಮಾರ್ಕೆಟ್ಟಿನ ಹೂವಿನ ಭಾಗವನ್ನು ಬೆಳಿಗ್ಗೆ ಬೇಗ ನೋಡಬೇಕು. ಹತ್ತಿರದಲ್ಲೇ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆ, ಪಕ್ಕದಲ್ಲಿ ಕೋಟೆ ವೆಂಕಟರಮಣ ದೇವಸ್ಥಾನ. ಆಮೇಲೆ ಬಳೇಪೇಟೆಗೆ ನಡೆದುಕೊಂಡು ಹೋಗಿ ಶ್ರೀ ವೆಂಕಟೇಶ್ವರ ಸ್ವೀಟ್ ಮೀಟ್ ಸ್ಟಾಲ್‌ನ ದಂರೂಟ್, ಅಂದರೆ ಬೂದುಗುಂಬಳದ ಹಲ್ವ ತಿನ್ನಿ. ಒಂದೊಂದೇ ಕೇಳಿ ಹಾಳೆಯಲ್ಲಿ ಹಾಕಿಸಿಕೊಂಡು, ಅಂಗಡಿಯ ಮುಂದೆ ನಿಂತೇ ತಿನ್ನುವುದು ಇಲ್ಲಿನ ರೂಢಿ. ಚಿಕ್ಕ ಮಕ್ಕಳಿದ್ದರೆ ಪೇಟೆ ಕಷ್ಟ. ಗಲ್ಲಿ ಕಿರಿದು, ಕೈಗಾಡಿ, ಸ್ಕೂಟರ್ ಎಲ್ಲ ಮೈಮೇಲೇ ಬರುತ್ತವೆ.

ಬೆಂಗಳೂರಿನ ಬೇಕರಿಯ ಕಥೆಯೂ ಈ ಪೇಟೆಯಲ್ಲೇ ಹುಟ್ಟಿದ್ದು. ಹಾಸನದ ಕಡೆಯ ಅಯ್ಯಂಗಾರ್ ಕುಟುಂಬದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಇಲ್ಲಿ ಬಿ.ಬಿ. ಬೇಕರಿ ಶುರು ಮಾಡಿದರು. ಮೊಟ್ಟೆ ಹಾಕದ ಬ್ರೆಡ್ಡು, ಬನ್ನು, ರಸ್ಕು. ಅವರ ಹಿಂದೆ ಹಾಸನ ಸೀಮೆಯಿಂದ ಎಷ್ಟೋ ಜನ ಬಂದು ಇದೇ ಕಸುಬು ಹಿಡಿದರು. ಇವತ್ತು ಮೂಲೆ ಮೂಲೆಯಲ್ಲೂ ಅಯ್ಯಂಗಾರ್ ಬೇಕರಿ ಬೋರ್ಡ್ ಕಾಣುವುದು ಹಾಗೆ. ಯಾವ ಬಡಾವಣೆಗೇ ಹೋಗಿ, ಒಂದು ಅಯ್ಯಂಗಾರ್ ಬೇಕರಿಯಲ್ಲಿ ಹನಿ ಕೇಕ್ ತಿನ್ನದೆ ಬರಬೇಡಿ. ಮೆತ್ತನೆಯ ಕೇಕಿಗೆ ಪಾಕ ಕುಡಿಸಿ, ಮೇಲೆ ಕೆಂಪು ಜಾಮ್ ಸವರಿ, ಒಣಕೊಬ್ಬರಿ ತುರಿ ಉದುರಿಸಿರುತ್ತಾರೆ. ಒತ್ತಿದರೆ ಪಾಕ ಒಸರಬೇಕು, ಆದರೆ ಕೇಕು ಮುದ್ದೆಯಾಗಬಾರದು. ಒಳ್ಳೆ ಬೇಕರಿಯ ಗುರುತು ಅದೇ. ಜೊತೆಗೆ ದಿಲ್ ಪಸಂದ್. ದುಂಡಗೆ ಬೇಯಿಸಿ ತುಂಡು ಮಾಡಿದ್ದು, ಒಳಗೆ ಸಿಹಿ ಕೊಬ್ಬರಿ, ಟೂಟಿ ಫ್ರೂಟಿ. ಮಧ್ಯಾಹ್ನದ ಮೇಲೆ, ಒಲೆಯಿಂದ ಆಗಷ್ಟೇ ತಟ್ಟೆ ಬಂದಾಗ ಸಿಕ್ಕರೆ ಅದೃಷ್ಟ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಖುಷಿ ಕೊಡುವ ಜಾಗ ಈ ಊರಲ್ಲಿ ಬೇರೆ ಇಲ್ಲ. ಪ್ರವಾಸಿಗರಿಗೆ ಇದನ್ನು ಯಾರೂ ಹೇಳುವುದಿಲ್ಲವಲ್ಲ ಅನ್ನುವುದು ನನ್ನ ಹಳೆಯ ಬೇಸರ.

ಅಜ್ಜಿ, ತಾತ ಜೊತೆಗಿದ್ದರೆ ಮಲ್ಲೇಶ್ವರ ಹಿತ. ಸಂಪಿಗೆ ರಸ್ತೆ ಮೆಟ್ರೋದಲ್ಲಿ ಇಳಿದರೆ ಹೂವು, ಹಣ್ಣು, ಅರಿಶಿನ ಕುಂಕುಮದ ಅಂಗಡಿಗಳ ನಡುವೆಯೇ ನಡೆದುಹೋಗಬಹುದು. ಕಾಡು ಮಲ್ಲೇಶ್ವರ ದೇವಸ್ಥಾನ, ಅದರ ಎದುರಿಗೆ ನಂದಿಯ ಬಾಯಿಂದ ನೀರು ಬೀಳುವ ನಂದಿ ತೀರ್ಥ. ಸಿಹಿಗೆ 1951ರಿಂದ ಇರುವ ಆಶಾ ಸ್ವೀಟ್ಸ್. ಬೆಳಗಿನ ತಿಂಡಿಗೆ ಯಾವ ದರ್ಶಿನಿಗೆ ಹೋದರೂ ಚೌಚೌ ಬಾತ್ ಹೇಳಿ, ಖಾರಾಬಾತಿನ ಪಕ್ಕ ಕೇಸರಿಬಾತ್ ಬರುತ್ತದೆ. ಸಂಜೆ ಸ್ಯಾಂಕಿ ಕೆರೆಯ ದಂಡೆಯಲ್ಲಿ ಒಂದು ಸುತ್ತು.

ಹದಿಹರೆಯದ ಮಕ್ಕಳಿದ್ದರೆ ಅವರು ಕೇಳುವುದು ಐಸ್‌ಕ್ರೀಂ. ಅವರಿಗೆ ಕಬ್ಬನ್ ಪಾರ್ಕ್, ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯ, ಆಮೇಲೆ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳು. ಪುಟ್ಟವರಿಗೆ ಪಾರ್ಕಿನ ಬಾಲಭವನದಲ್ಲಿ ಪುಟಾಣಿ ರೈಲಿದೆ. ರೆಸಿಡೆನ್ಸಿ ರಸ್ತೆಯಲ್ಲಿ ಕಾರ್ನರ್ ಹೌಸ್, 1982ರಿಂದ. ಅವರ 'ಡೆತ್ ಬೈ ಚಾಕೊಲೇಟ್' ಹೆಸರು ಕೇಳದ ಬೆಂಗಳೂರಿನ ಕಾಲೇಜು ಹುಡುಗರಿಲ್ಲ. ಕೇಕು, ವೆನಿಲಾ ಐಸ್‌ಕ್ರೀಂ, ಬಿಸಿ ಚಾಕೊಲೇಟ್ ಸಾಸ್, ಬೀಜಗಳು. ಇಬ್ಬರಿಗೆ ಒಂದು ಸಾಕು. ಎಂ.ಜಿ. ರಸ್ತೆಯಲ್ಲಿ ಇನ್ನೂ ಹಳೆಯದು ಲೇಕ್‌ವ್ಯೂ, 1930ರದ್ದು. ಚರ್ಚ್ ಸ್ಟ್ರೀಟ್ ಮೂಲೆಯಲ್ಲಿ ಕೋಲ್ಕತ್ತದ ಕೆ.ಸಿ. ದಾಸ್. 1972ರಲ್ಲೇ ಬೆಂಗಳೂರಿಗೆ ಬಂದು ಊರಿನವರೇ ಆಗಿಹೋಗಿದ್ದಾರೆ. ಅಲ್ಲಿ ರಸಗುಲ್ಲ, ಮಿಷ್ಟಿ ದೋಯಿ ಅನ್ನುವ ಸಿಹಿ ಮೊಸರು. ನಮ್ಮ ತುಪ್ಪದ ಸಿಹಿಗಳ ಪಕ್ಕ ಈ ಹಾಲಿನ ಸಿಹಿ ಹಗುರ, ಊಟವಾದ ಮೇಲೂ ಹಿಡಿಸುತ್ತದೆ.

ಕೊನೆಗೆ ಊರಿಗೆ ಏನು ಒಯ್ಯುವುದು ಅಂತ ಕೇಳಿಯೇ ಕೇಳುತ್ತೀರಿ. ಹೋಳಿಗೆ ಬೇಗ ಹುಳಿ ಹಿಡಿಯುತ್ತದೆ, ರಾತ್ರಿ ಬಸ್ಸಿಗೆ ಹೊರಡುವ ದಿನ ಸಂಜೆ ಕಟ್ಟಿಸಿ, ಮನೆ ಸೇರಿದ ದಿನವೇ ಮುಗಿಸಿ. ಬಿಸಿಬಿಸಿಯಾಗಿ ಡಬ್ಬಿಗೆ ತುಂಬಿ ಮುಚ್ಚಳ ಹಾಕಿಸಬೇಡಿ, ಬೆವರು ಬಿಟ್ಟು ಅಂಟುತ್ತದೆ. ಮೈಸೂರು ಪಾಕ್, ಅದರಲ್ಲೂ ಗಟ್ಟಿಯದು, ವಾರದ ಮೇಲೂ ಚೆನ್ನಾಗಿರುತ್ತದೆ. ಹನಿ ಕೇಕ್ ಪ್ರಯಾಣಕ್ಕೆ ಆಗಿಬರುವುದಿಲ್ಲ, ಅದನ್ನು ಅಂಗಡಿಯ ಮುಂದೆಯೇ ತಿಂದು ಮುಗಿಸಿ. ಬಾಳಿಕೆ ಬರುವುದು ರಸ್ಕು ಮತ್ತು ಕಾಂಗ್ರೆಸ್ ಕಡಲೆಕಾಯಿ. ಬ್ಯಾಗಿನಲ್ಲಿ ಜಾಗ ಉಳಿದಿದ್ದರೆ ಅವನ್ನು ಅರ್ಧ ಅರ್ಧ ಕೆ.ಜಿ. ಹಾಕಿಸಿಕೊಳ್ಳಿ.